ಬ್ಲೂಬರ್ಡ್ ಕೆ7: ಮುಳುಗಿದ ವೇಗದೋಣಿಯನ್ನು ಮತ್ತೆ ಓಡಿಸಿದ ಪ್ರಕರಣ

2018ರ ಆಗಸ್ಟ್ 4ರಂದು ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಕ್ ಫ್ಯಾಡ್ ಸರೋವರಕ್ಕೆ ನೀಲಿ ಬಣ್ಣದ ಒಂದು ಜೆಟ್ ದೋಣಿಯನ್ನು ಇಳಿಸಿದರು. ಐವತ್ತೊಂದು ವರ್ಷಗಳ ಹಿಂದೆ ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಗಂಟೆಗೆ ಮುನ್ನೂರು ಮೈಲಿ ಮೀರಿದ ವೇಗದಲ್ಲಿ ಮಗುಚಿ, ಒಡೆದು, ಚಾಲಕನೊಂದಿಗೆ ತಳ ಸೇರಿದ್ದ ಬ್ಲೂಬರ್ಡ್ ಕೆ7 ಅದು. ಮರುದಿನ ಎಂಜಿನ್ ಚಾಲೂ ಆಯಿತು. ಮುಂದಿನ ದಿನಗಳಲ್ಲಿ ಅದು ಗಂಟೆಗೆ ಸುಮಾರು 150 ಮೈಲಿ, ಅಂದರೆ 240 ಕಿಲೋಮೀಟರ್ ವೇಗದಲ್ಲಿ ಓಡಿತು. ಹಳೆಯ ವೇಗದೋಣಿಗಳನ್ನು ಸರಿಪಡಿಸಿ ಓಡಿಸುವ ಹವ್ಯಾಸಿಗಳ ಲೋಕದಲ್ಲಿ ಇದಕ್ಕಿಂತ ದೊಡ್ಡ ಸಾಹಸವನ್ನು ನಾನು ಕಾಣೆ. ಆದರೆ ಆ ಆಗಸ್ಟ್ ಮುಗಿದ ಮೇಲೆ ಅದೇ ದೋಣಿ ವರ್ಷಗಟ್ಟಲೆ ಕಾರ್ಯಾಗಾರದಲ್ಲಿ ನಿಂತಿತು, ವಕೀಲರು ಮಾತಾಡಿದರು. ಯಂತ್ರದ ಕೆಲಸ ಗೆದ್ದು ಕಾಗದದ ಕೆಲಸ ಸೋತ ಪ್ರಕರಣವಿದು. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆತವರೇ ಹೆಚ್ಚು.

ದೋಣಿಯ ಪೂರ್ವಕಥೆಯಿಂದ ಶುರು ಮಾಡೋಣ. 1952ರಲ್ಲಿ ಜಾನ್ ಕಾಬ್ ಎಂಬ ವೇಗದ ಸಾಹಸಿ ಲಾಕ್ ನೆಸ್‌ನಲ್ಲಿ ತಮ್ಮ ಜೆಟ್ ದೋಣಿ ಒಡೆದು ಸತ್ತರು. ಆ ನೆನಪು ಹಸಿಯಾಗಿದ್ದಾಗಲೇ ಕೆನ್ ನಾರಿಸ್ ಮತ್ತು ಲ್ಯೂ ನಾರಿಸ್ ಸಹೋದರರು, ಮುಂದೆ ಕೆ7ನ ಚಾಲಕರಾದ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರಿಗಾಗಿ ಹೊಸ ವಿನ್ಯಾಸಕ್ಕೆ ಕೈಹಾಕಿದ್ದರು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ–ಮೆಗ್ನೀಸಿಯಂ ಮಿಶ್ರಲೋಹದ ಹೊದಿಕೆ. ಮುಂದೆ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ತೇಲುಪಾದಗಳು. ವೇಗ ಏರಿದಂತೆ ದೋಣಿಯ ಹೊಟ್ಟೆ ನೀರಿನಿಂದ ಮೇಲೆದ್ದು, ಆ ಎರಡು ಪಾದಗಳು ಮತ್ತು ಹಿಂಭಾಗದ ಒಂದು ಸಣ್ಣ ತುಣುಕು ಮಾತ್ರ ನೀರನ್ನು ಮುಟ್ಟುತ್ತವೆ. ಮೂರೇ ಬಿಂದುಗಳಲ್ಲಿ ನಿಂತ ದೋಣಿಗೆ ನೀರಿನ ಎಳೆತ ತೀರಾ ಕಡಿಮೆ. ಆದರೆ ನೀರಿನ ಹಿಡಿತ ಕಡಿಮೆಯಾದಷ್ಟೂ ಅದು ದೋಣಿಗಿಂತ ವಿಮಾನಕ್ಕೆ ಹತ್ತಿರವಾಗುತ್ತದೆ, ಅದೂ ಹಾರಲು ಸಿದ್ಧವಿಲ್ಲದ ವಿಮಾನಕ್ಕೆ.

1955ರ ಜುಲೈ 23ರಂದು ಅಲ್ಸ್‌ವಾಟರ್ ಸರೋವರದಲ್ಲಿ ಕೆ7 ಗಂಟೆಗೆ 202.32 ಮೈಲಿಯ ದಾಖಲೆ ಬರೆಯಿತು. ಅಲ್ಲಿಂದ 1964ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದ ಡಂಬ್ಲ್‌ಯಂಗ್ ಸರೋವರದಲ್ಲಿ 276.33 ಮೈಲಿ ಮುಟ್ಟುವವರೆಗೆ ಕ್ಯಾಂಪ್‌ಬೆಲ್ ತಮ್ಮದೇ ದಾಖಲೆಯನ್ನು ಮತ್ತೆ ಮತ್ತೆ ಮುರಿದರು. ಈ ಸರಣಿಯಲ್ಲಿ ಜನ ಅಷ್ಟಾಗಿ ನೆನೆಯದ ಒಂದು ಘಟನೆಯಿದೆ. 1955ರ ಶರತ್ಕಾಲದಲ್ಲಿ ಅಮೆರಿಕದ ಮೀಡ್ ಸರೋವರದಲ್ಲಿ ಪರೀಕ್ಷಾ ಓಟ ಮುಗಿಸಿ ನಿಂತಿದ್ದ ದೋಣಿಗೆ ನೋಡಲು ಬಂದ ದೋಣಿಗಳ ಅಲೆ ನುಗ್ಗಿ, ಅದು ಮುಳುಗಿಹೋಯಿತು. ಮೇಲೆತ್ತಿ, ಒಣಗಿಸಿ, ಎಂಜಿನ್ ಸರಿಪಡಿಸಿ, ನವೆಂಬರ್ 16ರಂದು ಅದೇ ಸರೋವರದಲ್ಲಿ 216.20 ಮೈಲಿಯ ದಾಖಲೆ ಮಾಡಿದರು. ಎಂದರೆ ಕೆ7 ತಳದಿಂದ ಎದ್ದು ಓಡಿದ್ದು 2018ರಲ್ಲೇ ಮೊದಲಲ್ಲ. ‘ಮುಳುಗಿದ್ದನ್ನು ಓಡಿಸಬಾರದು’ ಎಂದು ತತ್ತ್ವ ಹೇಳುವವರಿಗೆ ನಾನು ಈ ಘಟನೆಯನ್ನು ನೆನಪಿಸುತ್ತೇನೆ.

1966ರಲ್ಲಿ ಮುನ್ನೂರು ಮೈಲಿ ದಾಟಬೇಕೆಂಬ ಹಟ. ಹಳೆಯ ಬೆರಿಲ್ ಎಂಜಿನ್ ತೆಗೆದು, ಅದಕ್ಕಿಂತ ಹಗುರವೂ ಬಲಶಾಲಿಯೂ ಆದ ಬ್ರಿಸ್ಟಲ್ ಆರ್ಫಿಯಸ್ ಎಂಜಿನ್ ಕೂರಿಸಿದರು. ಫಾಲಂಡ್ ನ್ಯಾಟ್ ಯುದ್ಧವಿಮಾನದ ಎಂಜಿನ್ ಅದು. ಈ ಹೆಸರುಗಳು ಬೆಂಗಳೂರಿಗೆ ಹೊಸವಲ್ಲ. 1957ರಲ್ಲಿ ಎಚ್‌ಎಎಲ್ ಬೆಂಗಳೂರಿನಲ್ಲಿ ಎಂಜಿನ್ ವಿಭಾಗ ತೆರೆದದ್ದೇ ಪರವಾನಗಿಯ ಮೇಲೆ ಆರ್ಫಿಯಸ್ ತಯಾರಿಸಲು. ನ್ಯಾಟ್ ವಿಮಾನವೂ ಬೆಂಗಳೂರಿನಲ್ಲಿ ತಯಾರಾಯಿತು, 1965ರ ಯುದ್ಧದಲ್ಲಿ ಹೆಸರು ಮಾಡಿತು, ಮುಂದೆ ಅಜೀತ್ ಎಂಬ ರೂಪ ತಾಳಿತು. ಕುರ್ಟ್ ಟ್ಯಾಂಕ್ ಇಲ್ಲಿ ವಿನ್ಯಾಸ ಮಾಡಿದ ಮಾರುತ್ ವಿಮಾನದೊಳಗೆ ಇದ್ದದ್ದು ಎರಡು ಆರ್ಫಿಯಸ್‌ಗಳು. ಏಳು ಹಂತದ ಸಂಕೋಚಕ, ಏಳು ದಹನಕೊಳವೆ, ಒಂದೇ ಹಂತದ ಟರ್ಬೈನ್ ಇರುವ ಈ ಸರಳ ಎಂಜಿನ್‌ಅನ್ನು ಬಿಚ್ಚಿ ಜೋಡಿಸಿದ ಹಿರಿಯರು ಬೆಂಗಳೂರಿನಲ್ಲಿ ಇನ್ನೂ ಸಿಗುತ್ತಾರೆ. ಕೆ7 ವಿಷಯ ಬಂದಾಗ ನನಗೆ ಮೊದಲು ನೆನಪಾಗುವುದು ಅವರೇ.

ಹೊಸ ಎಂಜಿನ್ ಸುಲಭವಾಗಿ ಒಗ್ಗಲಿಲ್ಲ. ಆರಂಭದ ಪರೀಕ್ಷೆಯಲ್ಲೇ ಗಾಳಿ ಒಳಸೇರುವ ನಾಳಗಳು ಎಂಜಿನ್‌ನ ಹೀರುವಿಕೆಗೆ ಕುಸಿದು, ಅವುಗಳ ಚೂರುಗಳು ಸಂಕೋಚಕದೊಳಗೆ ಹೋದವು. ಆ ಎಂಜಿನ್ ಕೆಟ್ಟಿತು, ಬೇರೊಂದನ್ನು ಹಾಕಬೇಕಾಯಿತು. ಹಿಂಭಾಗದ ತೂಕ ಬದಲಾದ್ದರಿಂದ ಸಮತೋಲನವನ್ನೂ ಹೊಸದಾಗಿ ಹೊಂದಿಸಬೇಕಾಯಿತು. ಇಂಧನ ವ್ಯವಸ್ಥೆಯೂ ಕೈಕೊಟ್ಟಿತು. ಹೀಗೆ ತಿಂಗಳುಗಳು ಕಳೆದು, 1967ರ ಜನವರಿ 4ರ ಬೆಳಗ್ಗೆ ಕ್ಯಾಂಪ್‌ಬೆಲ್ ಕಾನಿಸ್ಟನ್‌ನಲ್ಲಿ ಮೊದಲ ಸುತ್ತನ್ನು ಸರಾಸರಿ 297.6 ಮೈಲಿಯಲ್ಲಿ ಮುಗಿಸಿದರು. ದಾಖಲೆಗೆ ಎರಡೂ ದಿಕ್ಕಿನ ಓಟ ಬೇಕು. ಇಂಧನ ತುಂಬಿಸದೆ, ಅಲೆಗಳು ಅಡಗಲು ಕಾಯದೆ ಅವರು ತಿರುಗಿ ಹೊರಟರು. ವೇಗ 328 ಮೈಲಿ ಮುಟ್ಟಿತ್ತು. ದೋಣಿ ಕುಪ್ಪಳಿಸಿತು, ಮೂಗು ಎದ್ದಿತು, ಗಾಳಿಯಲ್ಲಿ ಹಿಂದಕ್ಕೆ ಮಗುಚಿ ನೀರಿಗೆ ಅಪ್ಪಳಿಸಿತು. ಅವರಿಗೆ ಆಗ ನಲವತ್ತೈದು ವರ್ಷ. ಮಿಸ್ಟರ್ ವೊಪಿಟ್ ಎಂಬ ಅವರ ಅದೃಷ್ಟದ ಕರಡಿ ಗೊಂಬೆ ತೇಲುತ್ತ ಸಿಕ್ಕಿತು. ದೇಹ ಸಿಗಲಿಲ್ಲ.

ದೋಣಿಯನ್ನು 2001ರ ಮಾರ್ಚ್ 8ರಂದು ಮೇಲೆತ್ತಿದರು. ಅದನ್ನು ಹುಡುಕಿದವರು ಬಿಲ್ ಸ್ಮಿತ್ ಎಂಬ ಹವ್ಯಾಸಿ ಮುಳುಗುಗಾರ. ಬಾಲದ ರೆಕ್ಕೆಯ ಮೇಲೆ ಬ್ರಿಟನ್ನಿನ ಧ್ವಜದ ಬಣ್ಣ ಇನ್ನೂ ಉಳಿದಿತ್ತು. ಕ್ಯಾಂಪ್‌ಬೆಲ್ ಅವರ ದೇಹ ಮೇ 28ರಂದು ಸಿಕ್ಕಿತು, ಸೆಪ್ಟೆಂಬರ್ 12ರಂದು ಕಾನಿಸ್ಟನ್ ಊರಿನಲ್ಲೇ ಮಣ್ಣು ಮಾಡಿದರು.

ಇಲ್ಲಿಂದ ನಿಜವಾದ ಪ್ರಶ್ನೆ ಹುಟ್ಟುತ್ತದೆ. ನೀರಿನಿಂದ ಬಂದದ್ದು ದೋಣಿಯೋ, ಸಾಕ್ಷ್ಯವೋ? ಅದು ಸಾಕ್ಷ್ಯವೂ ಹೌದು ಎಂಬುದಕ್ಕೆ ಆಧಾರವಿತ್ತು. ಇಂಧನ ಮುಗಿದು ಎಂಜಿನ್ ಆರಿತು, ಅದರಿಂದಲೇ ಅಪಘಾತವಾಯಿತು ಎಂಬ ವಾದ ದಶಕಗಳ ಕಾಲ ನಡೆದಿತ್ತು. ಅವಶೇಷದ ಇಂಧನ ಕೊಳವೆಯಲ್ಲಿ ಇಂಧನ ಇನ್ನೂ ಇತ್ತು, ವಾದ ಬಿದ್ದುಹೋಯಿತು. ಹೊಡೆತ ಎಡದಿಂದ ಬಲಕ್ಕೆ ಬಿದ್ದು ಮುಂಭಾಗವನ್ನೇ ಅಳಿಸಿಹಾಕಿದ್ದು ಲೋಹದ ಮಡಿಕೆಗಳಲ್ಲಿ ಓದಬಹುದಿತ್ತು. ಆಸನದ ಪಟ್ಟಿಯ ಕೆಳಗಿನ ಹಿಡಿಕೆಗಳು ಕಿತ್ತುಹೋಗಿದ್ದವು. ಇಷ್ಟನ್ನು ಹೇಳಿದ ತಗಡನ್ನು ಬಡಿದು ನೇರ ಮಾಡಿದರೆ ಮುಂದೆ ಅದು ಏನನ್ನೂ ಹೇಳದು. ಸಂಗ್ರಹಾಲಯದ ಸಂರಕ್ಷಕರು ಇಂಥಲ್ಲಿ ಹಿಂಜರಿಯುವುದು ಸಹಜ. ಪುನರ್ನಿರ್ಮಾಣಕ್ಕೆ ಹಣ ಕೇಳಿದಾಗ ಬ್ರಿಟನ್ನಿನ ಪರಂಪರೆಯ ಲಾಟರಿ ನಿಧಿ ನಿರಾಕರಿಸಿತು. ಆ ನಿರಾಕರಣೆಯನ್ನು ಅಧಿಕಾರಶಾಹಿಯ ಮೊಂಡುತನ ಎಂದು ಬೈದವರು ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ.

ಆದರೂ ಕೊನೆಗೆ ನಾನು ನಿಲ್ಲುವುದು ಓಡಿಸಬೇಕೆಂದವರ ಕಡೆಗೇ. ನಮ್ಮ ಊರ ದೇವರ ತೇರನ್ನು ನೋಡಿ: ಅಚ್ಚು ಬದಲಾಗುತ್ತದೆ, ಗಾಲಿ ಬದಲಾಗುತ್ತದೆ, ಒಂದು ತಲೆಮಾರಿನಲ್ಲಿ ಅರ್ಧ ಮರ ಹೊಸದಾಗುತ್ತದೆ. ಜಾತ್ರೆಯ ದಿನ ಎಳೆದರೆ ಅದೇ ತೇರು. ಓಡಲೆಂದೇ ಹುಟ್ಟಿದ ವಸ್ತುವಿಗೆ ಓಟವೂ ಒಂದು ಬಗೆಯ ಸಂರಕ್ಷಣೆ. ಷರತ್ತು ಇಷ್ಟೇ: ಬಿಚ್ಚುವ ಮೊದಲು ಪ್ರತಿಯೊಂದು ಮಡಿಕೆ, ಪ್ರತಿಯೊಂದು ಬಿರುಕು ದಾಖಲಾಗಬೇಕು, ತೆಗೆದಿಟ್ಟ ಹಳೆಯ ಭಾಗ ಕಸಕ್ಕೆ ಹೋಗಬಾರದು.

ಕೆಲಸ ನಡೆದದ್ದು ಇಂಗ್ಲೆಂಡಿನ ಈಶಾನ್ಯದ ನಾರ್ತ್ ಶೀಲ್ಡ್ಸ್‌ನಲ್ಲಿ, ಬಿಲ್ ಸ್ಮಿತ್ ಅವರ ತಂಡದ ಸಂಬಳವಿಲ್ಲದ ಸ್ವಯಂಸೇವಕರಿಂದ. ಅವರು ಹಾಕಿಕೊಂಡ ನಿಯಮ ಸರಳ, ಪಾಲಿಸುವುದು ಕಷ್ಟ: ಮೂಲ ಲೋಹ ಉಳಿಸಲು ಸಾಧ್ಯವಿದ್ದರೆ ಹೊಸದು ಬೇಡ. ಉಕ್ಕಿನ ಚೌಕಟ್ಟಿನ ಹಿಂಭಾಗ ಬಹುಪಾಲು ಉಳಿದಿತ್ತು. ಹೊದಿಕೆಯ ತಗಡುಗಳ ರಿವೆಟ್ ಬಿಡಿಸಿ, ಕಾಯಿಸಿ ಮೆದು ಮಾಡಿ, ಉರುಳೆಗಳ ನಡುವೆ ತಳ್ಳಿ, ಮೂಲದ ಬಾಗಿಗೆ ತಂದು, ಮತ್ತೆ ಅದೇ ಜಾಗಕ್ಕೆ ರಿವೆಟ್ ಹೊಡೆದರು. ಈ ಮಿಶ್ರಲೋಹ ಬಡಿದಷ್ಟೂ ಗಡುಸಾಗುತ್ತದೆ, ಗಡುಸಾದಷ್ಟೂ ಬಿರುಕು ಬಿಡುತ್ತದೆ. ಅದಕ್ಕೇ ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಹೊಸ ತಗಡು ಕತ್ತರಿಸಿ ಹಾಕಿದ್ದರೆ ಎಷ್ಟೋ ಬೇಗ ಮುಗಿಯುತ್ತಿತ್ತು. ಹೀಗೆ ಹಟ ಹಿಡಿದು ಕುಳಿತದ್ದೇ ಈ ಕೆಲಸದ ಘನತೆ. ಚಾಲಕನ ಕೋಣೆಯಿದ್ದ ಮುಂಭಾಗ ಮಾತ್ರ ಅಪಘಾತದಲ್ಲೇ ಪುಡಿಯಾಗಿತ್ತು, ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಮೂವತ್ತನಾಲ್ಕು ವರ್ಷ ನೀರಿನಲ್ಲಿದ್ದ ಎಂಜಿನ್ ಓಡುವ ಮಾತಿರಲಿಲ್ಲ, ಬೇರೊಂದು ಆರ್ಫಿಯಸ್ ತಂದರು. ‘ಹೊಸದಾಗಿ ಕಟ್ಟಿದ ಭಾಗ’ ಎಂಬ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನ ಜಗಳದ ಬೇರು ಅಲ್ಲಿಯೇ ಇದೆ.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಜೆಟ್ ದೋಣಿ ಎಲ್ಲರ ಪಾಲಿಗಿಲ್ಲ. ಅಮೆರಿಕ, ಯುರೋಪಿನ ಮನೆಯಂಗಳಗಳಲ್ಲಿ ಜೀರ್ಣೋದ್ಧಾರ ಆಗುತ್ತಿರುವುದು ಹೆಚ್ಚಾಗಿ ಎಪ್ಪತ್ತು–ಎಂಬತ್ತರ ದಶಕದ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ತಗುಲಿಸಿದ ಫೈಬರ್ ದೋಣಿಗಳು. ಮರ್ಕ್ಯುರಿ ಕಂಪನಿ 1976ರಲ್ಲಿ 175 ಅಶ್ವಶಕ್ತಿಯ ವಿ6 ಎಂಜಿನ್ ಹೊರತಂದ ಮೇಲೆ ಈ ಹಗುರ ದೋಣಿಗಳ ವೇಗ ಒಮ್ಮೆಗೇ ಏರಿತು. ಅವುಗಳ ಮುಖ್ಯ ರೋಗ ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ ತೂಗುವ ಹಿಂಗೋಡೆಯ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟ್ ತೂತಿನಿಂದ ನೀರು ಇಳಿದು ಒಳಗಿನ ಮರ ಕೊಳೆತಿರುತ್ತದೆ, ಹೊರಗೆ ಬಣ್ಣ ಮಿರುಗುತ್ತಿರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದೊಪ್ ಎನ್ನುತ್ತದೆ. ಅನುಮಾನವಿದ್ದರೆ ಒಳಗಿನಿಂದ ಸಣ್ಣ ತೂತು ಕೊರೆದು ಹೊಟ್ಟು ನೋಡಬೇಕು: ಒಣಗಿದ ತಿಳಿಬಣ್ಣದ ಹೊಟ್ಟಾದರೆ ಸರಿ, ಕಪ್ಪಗೆ ಹಸಿಯಾಗಿದ್ದರೆ ಗೋಡೆಯನ್ನೇ ಬಿಚ್ಚಬೇಕು. ಇದನ್ನು ಬಿಟ್ಟು ಎಂಜಿನ್ ಹೊಳಪಿಸಲು ಕೂತವರನ್ನು ಕಂಡರೆ ನನಗೆ ಮರುಕ. ನಿಜವಾದ ವೇಗದಲ್ಲಿ ಕಿತ್ತು ಬರುವುದು ಗೋಡೆ, ಅದರೊಂದಿಗೆ ಎಂಜಿನ್.

ಹಳೆಯ ರಬ್ಬರ್‌ಗೂ ದಯೆ ತೋರಿಸಬಾರದು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಆ ಕಾಲದ ಇಂಧನ ಕೊಳವೆಗಳು ತಾಳುವುದಿಲ್ಲ. ನೀರು ಪಂಪಿನ ರಬ್ಬರ್ ಚಕ್ರದ ಎಸಳುಗಳು ವರ್ಷಗಟ್ಟಲೆ ಮಡಿಸಿಕೊಂಡೇ ನಿಂತು ಆ ಆಕಾರಕ್ಕೇ ಒಗ್ಗಿರುತ್ತವೆ, ಎಂಜಿನ್ ಕಾದು ಕೆಡುತ್ತದೆ. ಎಲ್ಲ ಸಿಲಿಂಡರುಗಳ ಒತ್ತಡ ಒಂದಕ್ಕೊಂದು ಹತ್ತಿರವಿರಬೇಕು, ಒಂದು ಕುಸಿದಿದ್ದರೆ ಓಡಿಸದೆ ಬಿಚ್ಚಬೇಕು. ಓಡಿಸುವ ದಿನ ಎಂಜಿನ್ ನಿಲ್ಲಿಸುವ ಸುರಕ್ಷಾ ದಾರ ಮೈಗೆ ಸಿಕ್ಕಿಸಿರಬೇಕು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ಸ್ವಿಚ್ ಇದ್ದರೆ ವೇಗದಲ್ಲಿ ಓಡುವಾಗ ಅದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಾನೂನೇ ಆಗಿದೆ. ಹೆಚ್ಚಿನ ವೇಗದಲ್ಲಿ ಇಂಥ ದೋಣಿ ತನ್ನ ನಡುಗೆರೆಯ ಮೇಲೆ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಹೊಸಬ ಗಾಬರಿಯಿಂದ ಸ್ಟೀರಿಂಗ್ ತಿರುಗಿಸುತ್ತಾನೆ, ಓಲಾಟ ದುಪ್ಪಟ್ಟಾಗುತ್ತದೆ. ವೇಗವನ್ನು ಮೆಲ್ಲಗೆ ಇಳಿಸಬೇಕು, ಅಷ್ಟೇ.

ಕೆ7ಕ್ಕೆ ಮರಳಿದರೆ, ಅದರ ಪರೀಕ್ಷೆಯ ಕಷ್ಟಗಳು ಬೇರೆಯೇ ಜಾತಿಯವು. ಜೆಟ್ ದೋಣಿಗೆ ಗೇರಿಲ್ಲ, ನ್ಯೂಟ್ರಲ್ ಇಲ್ಲ, ಹಿಂದಕ್ಕೆ ಹೋಗುವ ಮಾತೇ ಇಲ್ಲ. ಎಂಜಿನ್ ಹೊತ್ತಿಕೊಂಡ ಕ್ಷಣದಿಂದ ದೋಣಿ ಮುಂದಕ್ಕೆ ಹೋಗಲು ತವಕಿಸುತ್ತದೆ. ಮೆಲ್ಲಗೆ ಹೋಗುವಾಗಲೇ ಅದು ಅತ್ಯಂತ ಅಸಹಾಯಕ: ಎರಡು ಟನ್ನಿಗೂ ಮಿಕ್ಕಿದ ದೇಹ ನೀರಿನಲ್ಲಿ ಹುದುಗಿರುತ್ತದೆ, ಎದ್ದ ತುಂತುರು ಗಾಳಿಯ ಬಾಯಿಗೆ ನುಗ್ಗಿ ಎಂಜಿನ್ ಆರಿಸಬಲ್ಲದು. 1955ರಲ್ಲಿ ಅಲ್ಸ್‌ವಾಟರ್‌ನಲ್ಲಿ ಆರಂಭದ ತೊಂದರೆಯೂ ಇದೇ ಆಗಿತ್ತು. ಹಾಗಾಗಿ ನೀರಿನಿಂದ ಮೇಲೇಳುವವರೆಗಿನ ಹಂತವನ್ನು ಅಂಜುತ್ತ ನಿಧಾನವಾಗಿ ದಾಟುವಂತಿಲ್ಲ, ಧೈರ್ಯದಿಂದ ಥ್ರಾಟಲ್ ಕೊಡಬೇಕು. ಮೇಲೆದ್ದ ಮೇಲೆ ನಿಯಮ ತಿರುಗುಮುರುಗು. ಎಂಜಿನ್ನಿನ ತಳ್ಳುವ ರೇಖೆ ದೋಣಿಯ ತೂಕದ ಕೇಂದ್ರಕ್ಕಿಂತ ಮೇಲಿರುವುದರಿಂದ ತಳ್ಳುವಿಕೆ ಮೂಗನ್ನು ಕೆಳಕ್ಕೆ ಒತ್ತಿಹಿಡಿದಿರುತ್ತದೆ. ಅದು ತಟ್ಟನೆ ನಿಂತರೆ ಮೂಗು ಏಳುತ್ತದೆ. ಲಾಕ್ ಫ್ಯಾಡ್‌ನಲ್ಲಿ ದೋಣಿ ಓಡಿಸಿದ ಚಾಲಕ ಟೆಡ್ ವಾಲ್ಶ್ ಕಲಿಯಬೇಕಿದ್ದದ್ದು ಇದನ್ನೇ: ಬೇಗ ಏರಿಸುವುದು, ಮೆಲ್ಲಗೆ ಇಳಿಸುವುದು.

150 ಮೈಲಿಗೆ ನಿಲ್ಲಿಸಿದ್ದಕ್ಕೆ ಕೆಲವು ಅಭಿಮಾನಿಗಳಿಗೆ ನಿರಾಸೆಯಾಯಿತಂತೆ. ಲೆಕ್ಕ ಹಾಕಿದರೆ ಅದರ ಜಾಣ್ಮೆ ತಿಳಿಯುತ್ತದೆ. ಗಾಳಿ ಎತ್ತುವ ಬಲ ವೇಗದ ವರ್ಗದಂತೆ ಏರುತ್ತದೆ. 328 ಮೈಲಿಯಲ್ಲಿ ಮೂಗನ್ನು ಎತ್ತಿದ ಬಲದ ಐದರಲ್ಲಿ ಒಂದು ಪಾಲು ಮಾತ್ರ 150ರಲ್ಲಿರುತ್ತದೆ. ದೋಣಿ ಮೂರು ಬಿಂದುಗಳ ಮೇಲೆ ನಿಂತು ತನ್ನ ನಿಜವಾದ ಓಟದ ಭಂಗಿಯನ್ನು ತೋರಿಸಲು ಅಷ್ಟು ವೇಗ ಸಾಕು, ಹಾರಲು ಸಾಲದು. ದಾಖಲೆಯ ಆಸೆ ಹೇಗೂ ಅರ್ಥವಿಲ್ಲದ್ದು. 1978ರಲ್ಲಿ ಕೆನ್ ವಾರ್ಬಿ ಎಂಬ ಆಸ್ಟ್ರೇಲಿಯನ್ನರು ತಾವೇ ಕಟ್ಟಿದ ದೋಣಿಯಲ್ಲಿ 317 ಮೈಲಿ ದಾಟಿ ಆ ಅಧ್ಯಾಯವನ್ನು ಬೇರೆಡೆಗೆ ಒಯ್ದಾಗಿತ್ತು. ಲಾಕ್ ಫ್ಯಾಡ್‌ನ ಓಟಗಳು ಅಪಘಾತವಿಲ್ಲದೆ ಮುಗಿದವು. ಪರೀಕ್ಷೆಯ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ಫಲಿತಾಂಶವಿಲ್ಲ.

ಇನ್ನು ಕಾಗದದ ಕಥೆ. ಕ್ಯಾಂಪ್‌ಬೆಲ್ ಕುಟುಂಬದ ಟ್ರಸ್ಟ್ 2006ರ ಡಿಸೆಂಬರಿನಲ್ಲಿ ಅವಶೇಷವನ್ನು ಕಾನಿಸ್ಟನ್‌ನ ರಸ್ಕಿನ್ ಸಂಗ್ರಹಾಲಯಕ್ಕೆ ದಾನ ಮಾಡಿತು. ದೋಣಿ ಬಂದು ನಿಲ್ಲಲೆಂದು ಸಂಗ್ರಹಾಲಯ ಹೊಸ ಕಟ್ಟಡವನ್ನೇ ಕಟ್ಟಿಸಿತು. ಆದರೆ ದೋಣಿ ಇದ್ದದ್ದು ಕಾರ್ಯಾಗಾರದಲ್ಲಿ, ಅದರ ಮುಂಭಾಗ ಕಟ್ಟಿದವರು ಅಲ್ಲಿನವರು. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆ ಎದ್ದಿತು: ದಾನವಾದದ್ದು ತಳದಿಂದ ಬಂದ ಲೋಹ, ಹಾಗಾದರೆ ಹೊಸ ಲೋಹ ಯಾರದ್ದು? ದೋಣಿಯನ್ನು ಮುಂದೆ ಓಡಿಸುವವರು ಯಾರು, ವರ್ಷಕ್ಕೆಷ್ಟು ಬಾರಿ, ಎಲ್ಲಿ? ಸ್ಮಿತ್ ಅವರ ತಂಡ ತಾನು ಸೇರಿಸಿದ ಭಾಗಗಳ ಮೇಲೆ ಹಕ್ಕು ಹೇಳಿತು. ಸಂಗ್ರಹಾಲಯ ಇಡೀ ದೋಣಿ ತನ್ನದೆಂದಿತು. ವಿವಾದ ಕಾನೂನಿನ ಮೆಟ್ಟಿಲೇರಿ 2024ರ ಆರಂಭದಲ್ಲಿ ಮುಗಿಯಿತು, ಮಾರ್ಚ್ 9ರಂದು ಕೆ7 ಕಾನಿಸ್ಟನ್‌ಗೆ ಮರಳಿತು.

ಯಾರು ಸರಿ ಎಂದು ತೀರ್ಪು ಕೊಡುವುದಕ್ಕಿಂತ, ಜಗಳ ಎಲ್ಲಿ ತಪ್ಪಬಹುದಿತ್ತು ಎಂದು ನೋಡುವುದು ಉಪಯುಕ್ತ. ಹಳೆಯ ಚೌಕಟ್ಟಿಗೆ ಹೊಸ ತಗಡು ರಿವೆಟ್ ಆದ ಮೇಲೆ ಅವೆರಡನ್ನೂ ಬೇರೆ ಮಾಡುವುದು ಮಾತಿನಲ್ಲಷ್ಟೇ ಸಾಧ್ಯ. ಆದ್ದರಿಂದ ಸೇರಿಸಿದ್ದೆಲ್ಲ ಮೂಲದ ಒಡೆಯನಿಗೇ ಸೇರುತ್ತದೆ ಎಂದು ಮೊದಲ ರಿವೆಟ್‌ಗೆ ಮೊದಲೇ ಬರೆದಿರಬೇಕಿತ್ತು, ಅದಕ್ಕೆ ಪ್ರತಿಯಾಗಿ ಕಟ್ಟಿದವರಿಗೆ ನಿಗದಿತ ಓಟಗಳ ಹಕ್ಕನ್ನೂ ಬರೆದುಕೊಡಬೇಕಿತ್ತು. ದುಡಿದವರಿಗೆ ಹಣ ಬೇಕಿರಲಿಲ್ಲ, ದೋಣಿ ಓಡುವುದು ಬೇಕಿತ್ತು. ಸಂಗ್ರಹಾಲಯಕ್ಕೆ ಓಟಕ್ಕಿಂತ ದೋಣಿ ಮನೆಗೆ ಬರುವುದು ಬೇಕಿತ್ತು. ಎರಡು ಬಯಕೆಗಳೂ ಒಂದೇ ಪುಟದಲ್ಲಿ ಹಿಡಿಸುವಂಥವೇ. ಸ್ನೇಹದ ದಿನಗಳಲ್ಲಿ ಇಂಥ ಕಾಗದ ಕೇಳುವುದು ಅಪನಂಬಿಕೆಯಂತೆ ಕಾಣುತ್ತದೆ, ಹಾಗಾಗಿ ಯಾರೂ ಕೇಳುವುದಿಲ್ಲ. ಸ್ನೇಹಿತನ ಹಳೆಯ ಫೈಬರ್ ದೋಣಿಗೆ ತನ್ನ ಎಂಜಿನ್ ಕೂರಿಸಿ ಕೊನೆಗೆ ಮಾತು ಬಿಟ್ಟವರನ್ನೂ ನಾನು ಬಲ್ಲೆ.

ಕಾನಿಸ್ಟನ್ ಸರೋವರದಲ್ಲಿ ಯಂತ್ರದೋಣಿಗಳಿಗೆ ಗಂಟೆಗೆ 10 ಮೈಲಿಯ ಮಿತಿಯಿದೆ. ವೇಗದ ಓಟಕ್ಕೆ ವಿಶೇಷ ಅನುಮತಿ ಬೇಕು. ಕೆ7ನ್ನು ಅಲ್ಲಿ ಓಡಿಸಬೇಕೇ ಎಂದು ನನ್ನನ್ನು ಕೇಳಿದರೆ, ಓಡಿಸಬಹುದು ಎನ್ನುತ್ತೇನೆ: ಲಾಕ್ ಫ್ಯಾಡ್‌ನ 150ರ ಮಿತಿಯನ್ನು ಒಪ್ಪಂದದಲ್ಲೇ ಬರೆದು, ಎರಡನೇ ಸುತ್ತಿಗೆ ಮೊದಲು ಅಲೆ ಅಡಗುವವರೆಗೆ ಕಾಯುವ ನಿಯಮವನ್ನು ಚಾಲಕನ ಇಚ್ಛೆಗೆ ಬಿಡದೆ ದಡದಲ್ಲಿ ನಿಂತವರ ಕೈಗೆ ಕೊಟ್ಟು.